ಸೋಪಿನ ವಾಸನೆಯ ಕಾಗದಗಳು

ಜುಲೈ 28

ಅಮ್ಮಾ,

ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ದಾಟಿ ಮುಂದೆ ಹೋದದ್ದೇ ಇಲ್ಲ. ಅದಕ್ಕೇ ಶಾಲೆಯಲ್ಲಿದ್ದಾಗಿನ ಹಾಗೆ ಮತ್ತೆ ಕಾಗದಕ್ಕೇ ಬಂದೆ. ಇದರಲ್ಲಿ ನೀನು ಮಧ್ಯೆ ‘ಸರಿ, ಇಡ್ತೀನಿ’ ಅನ್ನುವ ಹಾಗಿಲ್ಲ.

ಕಾಲೇಜು ಸೇರಿ ಹದಿನೇಳು ದಿನವಾಯಿತು. ಬ್ಯಾಂಕಿನ ಕೆಲಸಕ್ಕೆ ಓದು ಅಂದಿದ್ದೆ ನೀನು, ನಾನು ಕೋಳಿಗೆ ಬಂದೆ. ಕೋಳಿ ಆಹಾರದ ಮಿಲ್ಲಿನಲ್ಲಿ ಮಿಕ್ಸರ್ ನಡೆಸುವವಳ ಮಗಳು ಇನ್ನೆಲ್ಲಿಗೆ ಹೋಗಲಿ? ಬಂದ ಮೇಲೆ ಭಯ. ನನ್ನ ಇಂಗ್ಲಿಷು ಕ್ಲಾಸಿಗೆ ಸಾಲದು, ಮನೆಮಾತು ಶೆಡ್ಡಿಗೆ ಸಾಲದು. ಹಾಸ್ಟೆಲಿನಲ್ಲಿ ಬೆಳೆದವಳಿಗೆ ಎರಡೂ ಅರ್ಧರ್ಧ. ಮೊನ್ನೆ ಮರಿಗಳನ್ನು ‘ಕಮ್ ಕಮ್’ ಅಂತ ಕರೆದೆ. ಶೆಡ್ಡು ಗುಡಿಸುವ ಅಜ್ಜಿ ಪೊರಕೆ ಹಿಡಿದುಕೊಂಡೇ ನಕ್ಕಳು. “ಏನಮ್ಮಾ, ಅವು ಮೊಟ್ಟೆಯೊಳಗೇ ಕಾನ್ವೆಂಟಿಗೆ ಹೋಗಿ ಬಂದಿದಾವಾ?”

ಮೊದಲ ವರ್ಷದವರಲ್ಲಿ ನಾಲ್ಕು ಜನರನ್ನು ಒಂದು ಟ್ರಯಲ್‌ಗೆ ತೆಗೆದುಕೊಂಡಿದ್ದಾರೆ. ಅದರಲ್ಲಿ ನಾನೂ ಒಬ್ಬಳು! ಹದಿನಾರು ಗೂಡು, ಗೂಡಿಗೆ ಆರು ಬ್ರಾಯ್ಲರ್ ಮರಿ. ಎಂಟು ಗೂಡಿಗೆ ಎಂಜೈಮ್ ಪುಡಿ ಬೆರೆಸಿದ ಆಹಾರ, ಉಳಿದ ಎಂಟಕ್ಕೆ ಅದಿಲ್ಲದ ಬರೀ ಆಹಾರ. ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತಿತು ಅಂತ ಅಳೆಯಬೇಕು. ಕಲಿಸುವ ಸರ್ ಎಲ್ಲವನ್ನೂ ತೂಗುತ್ತಾರೆ. ಹಾಜರಿಯನ್ನೂ ತೂಗುತ್ತಾರೇನೋ ಅನ್ನಿಸಿ ‘ತಕ್ಕಡಿ ಸರ್’ ಅಂತ ಹೆಸರಿಟ್ಟಿದ್ದೇವೆ. ಅವರಿಗೆ ಗೊತ್ತಾದರೆ ನನ್ನ ಗತಿ ಮುಗಿಯಿತು.

ಅಮ್ಮಾ, ಸೆಪ್ಟೆಂಬರ್ ಕೊನೆಗೆ ಹತ್ತು ದಿನ ರಜೆ ಇದೆ. ಈ ಸಲ ಚಿಕ್ಕಮ್ಮನ ಮನೆಗಲ್ಲ, ನಮ್ಮ ಮನೆಗೆ ಬರಲಾ? ನೆಲದ ಮೇಲೆ ಮಲಗುತ್ತೇನೆ. ಜಾಗ ಇಲ್ಲ ಅಂತ ಮಾತ್ರ ಬರೆಯಬೇಡ. ಏಳನೇ ವಯಸ್ಸಿನಲ್ಲಿ ನನ್ನನ್ನು ಹಾಸ್ಟೆಲಿಗೆ ಬಿಟ್ಟೆಯಲ್ಲ, ಅಲ್ಲಿಂದೀಚೆಗೆ ಆ ಬಾಗಿಲು ನೋಡಿಲ್ಲ ನಾನು.

ನಿನ್ನ,
ಗುಬ್ಬಿ

*

ಆಗಸ್ಟ್ 6

ಗುಬ್ಬಿ,

ನಿನ್ನ ಕಾಗದ ತಲುಪಿತು. ಟ್ರಯಲ್‌ಗೆ ತೆಗೆದುಕೊಂಡದ್ದು ಸಂತೋಷ.

ಇಲ್ಲಿ ಕೆಲಸ ಜಾಸ್ತಿ. ಸೆಪ್ಟೆಂಬರಿನಲ್ಲಿ ಎರಡು ಪಾಳಿ ಓಡಿಸುತ್ತಾರಂತೆ. ಮನೆ ಒಂದೇ ಕೋಣೆ, ನಿನಗೆ ಗೊತ್ತಲ್ಲ. ನೀನು ಚಿಕ್ಕಮ್ಮನ ಮನೆಗೆ ಹೋಗು, ನಾನು ಎರಡು ದಿನ ರಜೆ ಹಾಕಿ ಅಲ್ಲಿಗೇ ಬರುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ನಾವೂ ಇಲ್ಲಿ ಆ ಎಂಜೈಮ್ ಪುಡಿ ಹಾಕುತ್ತೇವೆ. ಒಂದು ಟನ್ನಿಗೆ ಒಂದು ಲೋಟದಷ್ಟೂ ಇಲ್ಲ. ಅಷ್ಟು ಸ್ವಲ್ಪದಿಂದ ಏನಾಗುತ್ತದೆ? ಮಿಲ್ಲಿನ ಹಬೆ ನೋಡಿಕೊಳ್ಳುವ ಬಾಯ್ಲರ್ ಮಾವನಂತೂ “ಅದು ಧಣಿಗಳ ಸಮಾಧಾನಕ್ಕೆ ಹಾಕೋ ವಿಭೂತಿ” ಅನ್ನುತ್ತಾರೆ. ನಿಮ್ಮ ಸರ್ ಹತ್ತಿರ ಕೇಳಿ ಬರೆ.

ಹೊತ್ತಿಗೆ ಸರಿಯಾಗಿ ತಿನ್ನು.

ಅಮ್ಮ

*

ಆಗಸ್ಟ್ 17

ಅಮ್ಮಾ,

‘ಮನೆ ಒಂದೇ ಕೋಣೆ’ ಓದಿ ಕಾಗದ ಮಡಚಿಟ್ಟೆ. ಆಮೇಲೆ ಬೇರೆ ಏನಾದರೂ ಇದೆಯೇನೋ ಅಂತ ಮತ್ತೆ ಬಿಚ್ಚಿದೆ.

ಇರಲಿ. ನಿನ್ನ ಪ್ರಶ್ನೆಗೆ ಉತ್ತರ. ಕಾಳಿನೊಳಗೆ ರಂಜಕ, ಅಂದರೆ ಫಾಸ್ಫರಸ್, ಇರುತ್ತದೆ, ಕೋಳಿಯ ಮೂಳೆಗೆ ಅದೇ ಬೇಕು. ಆದರೆ ಅದು ಕಾಳಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಬೀಗ ತೆಗೆಯುವ ಸಾಮಾನು ಕೋಳಿಯ ಕರುಳಿನಲ್ಲಿ ಸಾಕಷ್ಟಿಲ್ಲ. ಹೊಟ್ಟೆ ತುಂಬ ತಿಂದರೂ ಅದು ಹಾಗೇ ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಎಂಜೈಮ್ ಆ ಬೀಗ ತೆಗೆಯುತ್ತದೆ. ಒಂದು ಬೀಗ ತೆಗೆದು ಮುಂದಿನದಕ್ಕೆ ಹೋಗುವುದರಿಂದ ಸ್ವಲ್ಪವೇ ಸಾಕು. ಆದರೆ ಬಾಯ್ಲರ್ ಮಾವನಿಗೆ ಹೇಳು, ಉಂಡೆ ಕಟ್ಟುವಾಗ ಹಬೆ ಹೆಚ್ಚು ಬಿಸಿಯಾದರೆ ಅದು ಬೆಂದುಹೋಗುತ್ತದೆ. ಆಗ ಅವರು ಹೇಳಿದ್ದೇ ನಿಜ, ಬರೀ ವಿಭೂತಿ.

ಅಳೆಯುವ ಕ್ರಮ ಕೇಳಿದರೆ ನಗುತ್ತೀಯ. ಆಹಾರದಲ್ಲಿ ಒಂದು ಹಸಿರು ಪುಡಿ ಬೆರೆಸುತ್ತೇವೆ. ಅದು ಮೈಗೆ ಹತ್ತುವುದೇ ಇಲ್ಲ, ಎಷ್ಟು ಒಳಗೆ ಹೋಯಿತೋ ಅಷ್ಟೂ ಹೊರಗೆ. ಹಿಕ್ಕೆಯಲ್ಲಿ ಆ ಹಸಿರನ್ನು ಅಳೆದು, ಅದಕ್ಕೆ ಹೋಲಿಸಿ ಉಳಿದದ್ದರಲ್ಲಿ ಎಷ್ಟು ಕೋಳಿಯೊಳಗೇ ನಿಂತಿತು ಅಂತ ಲೆಕ್ಕ ಹಾಕುವುದು. ಇದಕ್ಕೆ ಡೈಜೆಸ್ಟಿಬಿಲಿಟಿ ಅನ್ನುತ್ತಾರೆ. ಗೂಡಿನ ಕೆಳಗಿನ ತಟ್ಟೆಯಿಂದ ಹಿಕ್ಕೆ ಬಳಿದು, ಪುಕ್ಕ ಆರಿಸಿ, ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿಯುವುದು ನಮ್ಮ ನಾಲ್ವರ ಕೆಲಸ. ನಿನ್ನ ಮಗಳನ್ನು ಕಾಲೇಜಿಗೆ ಕಳಿಸಿದ್ದು ಇದಕ್ಕೆ!

ಒಂದು ಮಾತು ಹೇಳಲೋ ಬೇಡವೋ ಅಂತ ಮೂರು ಸಲ ಪೆನ್ನು ಎತ್ತಿದೆ. ಸೇರಿದ ವಾರ ಮೊದಲ ಸಲ ಫೀಡ್ ಕೋಣೆಯ ಬಾಗಿಲು ತೆಗೆದಾಗ ನಾನು ಅಲ್ಲೇ ನಿಂತುಬಿಟ್ಟೆ. ಮೆಕ್ಕೆಜೋಳದ ಹಿಟ್ಟು, ಸೋಯಾ ಹಿಂಡಿ, ಬಿಸಿ ಎಣ್ಣೆ. ಆ ವಾಸನೆಯೇ ನೀನು. ಹಾಸ್ಟೆಲಿಗೆ ಹೋಗುವ ಮುಂಚಿನ ನೀನು. ಅಳು ಬಂತು. ಧೂಳು ಬಿತ್ತು ಅಂದೆ, ಎಲ್ಲರೂ ನಂಬಿದರು.

ಶಾಲೆಯ ಹಾಸ್ಟೆಲಿನಲ್ಲಿ ಎಲ್ಲ ಹುಡುಗಿಯರ ಕಾಗದಕ್ಕೂ ಅವರವರ ಮನೆಯ ವಾಸನೆ ಇರುತ್ತಿತ್ತು, ಅಮ್ಮಾ. ಒಬ್ಬಳದಕ್ಕೆ ಅಡುಗೆಮನೆಯದು, ಒಬ್ಬಳದಕ್ಕೆ ಅವಳಪ್ಪನ ಬೀಡಿಯದು. ನಿನ್ನ ಕಾಗದಕ್ಕೆ ಮಾತ್ರ ಸೋಪಿನ ವಾಸನೆ. ನಾನು ಮೂಗಿಗೆ ಹಿಡಿದು ಎಷ್ಟು ಹುಡುಕಿದರೂ ಸೋಪು, ಸೋಪು.

ಪುಡಿ ತೂಗುವಾಗ ನಮಗೆ ಮಾಸ್ಕ್ ಕಡ್ಡಾಯ. ಎಂಜೈಮ್ ಧೂಳು ಎದೆಗೆ ಇಳಿದರೆ ಕೆಲವರಿಗೆ ಉಬ್ಬಸ ಬರುತ್ತದಂತೆ. ನೀನು ಹಾಕುತ್ತೀಯಾ? ಫೋನಿನಲ್ಲಿ ಕೆಮ್ಮಿದೆಯಲ್ಲ.

ಗುಬ್ಬಿ

*

ಆಗಸ್ಟ್ 23

ಗುಬ್ಬಿ,

ನೀನು ಆ ಫೀಡ್ ಕೋಣೆಯೊಳಗೆ ಹೋಗಬೇಡ. ನಿಮ್ಮ ಸರ್‌ಗೆ ಹೇಳಿ ಬೇರೆ ಕೆಲಸ ಕೇಳು. ಬರೆಯುವ ಕೆಲಸ ಕೇಳು, ಲೆಕ್ಕದ ಕೆಲಸ ಕೇಳು. ಇಲ್ಲ ಅಂದರೆ ಟ್ರಯಲ್ ಬಿಟ್ಟುಬಿಡು. ಮೊದಲ ವರ್ಷ ಅದಿಲ್ಲದಿದ್ದರೂ ನಡೆಯುತ್ತದೆ.

ಮಾಸ್ಕ್ ಎರಡೆರಡು ಹಾಕಿಕೋ. ತಲೆಗೂ ಬಟ್ಟೆ ಕಟ್ಟಿಕೋ. ಉತ್ತರ ಬೇಗ ಬರೆ.

ಅಮ್ಮ

*

ಸೆಪ್ಟೆಂಬರ್ 2

ಅಮ್ಮಾ,

ಬೇಗ ಬರೆ ಅಂದದ್ದಕ್ಕೆ ಬೇಕೆಂದೇ ತಡ ಮಾಡಿದೆ.

ನೀನು ಇಷ್ಟು ವರ್ಷ ನನ್ನನ್ನು ಮನೆಯಿಂದ ದೂರ ಇಟ್ಟೆ. ಈಗ ಮನೆಯ ವಾಸನೆ ಇರುವ ಒಂದೇ ಒಂದು ಕೋಣೆ ಸಿಕ್ಕರೆ ಅದರಿಂದಲೂ ಹೊರಗೆ ಬಾ ಅನ್ನುತ್ತೀಯ. ಯಾಕೆ ಅಂತ ಒಂದು ಸಾಲು ಇಲ್ಲ. ನಾನೇನು ಮಾಡಿದ್ದೆ ಅಮ್ಮಾ? ಏಳು ವರ್ಷದವಳು ಅಂಥದ್ದೇನು ಮಾಡಿರಬಹುದು ಅಂತ ಶಾಲೆಯಲ್ಲಿ ದಿನಾ ಯೋಚಿಸುತ್ತಿದ್ದೆ. ಲೋಟ ಒಡೆದದ್ದೇ ಇರಬೇಕು ಅಂತ ಬಹಳ ದಿನ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಇದೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಟ್ರಯಲ್‌ನಿಂದ ತೆಗೆದುಹಾಕುತ್ತಾರೆ, ಪ್ರಾಯಶಃ ಕಾಲೇಜಿನಿಂದಲೂ. ನಿದ್ದೆ ಬರುತ್ತಿಲ್ಲ.

ಏಳನೇ ಗೂಡು ಎಂಜೈಮ್ ಇಲ್ಲದ ಗುಂಪಿನದು. ಅದರಲ್ಲಿ ಒಂದು ಮರಿ ಉಳಿದವಕ್ಕಿಂತ ಸಣ್ಣದು. ಎದುರಿನ ಗೂಡಿನವು ದಿನದಿನಕ್ಕೆ ಉಬ್ಬುತ್ತಿವೆ, ಇದು ತಂತಿಗೆ ಕತ್ತು ಒತ್ತಿ ಆ ಕಡೆಯೇ ನೋಡುತ್ತದೆ. ಹೌದು, ಕೋಳಿಗೆ ಅಷ್ಟೆಲ್ಲ ಗೊತ್ತಿರುವುದಿಲ್ಲ. ಆದರೆ ನನಗೆ ನೋಡಲಾಗಲಿಲ್ಲ. ಶಾಲೆಯಲ್ಲಿ ಶನಿವಾರ ಎಲ್ಲರಿಗೂ ಮನೆಯಿಂದ ಡಬ್ಬಿ ಬರುತ್ತಿತ್ತು, ನನಗೆ ಅಂಗಡಿಯ ಬಿಸ್ಕತ್ತು, ಸೀಲ್ ಕೂಡ ಒಡೆಯದ ಪೊಟ್ಟಣ. ಅದು ನೆನಪಾಯಿತು. ಆಗಸ್ಟ್ ಇಪ್ಪತ್ತೆರಡರಿಂದ ದಿನಾ ಮಧ್ಯಾಹ್ನ ಎಂಜೈಮ್ ಬೆರೆಸಿದ ಆಹಾರದ ಡಬ್ಬದಿಂದ ಒಂದು ಹಿಡಿ ಆ ಗೂಡಿಗೆ ಹಾಕುತ್ತಿದ್ದೇನೆ.

ಮೊನ್ನೆ ಸರ್ ಮೊದಲ ಲೆಕ್ಕ ನೋಡಿ ಕನ್ನಡಕ ತೆಗೆದು ಒರೆಸಿದರು. “ಈ ಏಳು ಯಾಕೆ ಹೀಗೆ ಹಾರ್ತಾ ಇದೆ? ಇಲ್ಲಿ ಏನೋ ನನಗೆ ಅರ್ಥ ಆಗದೇ ಇರೋದು ನಡೀತಿದೆ” ಅಂದರು. ನಾನು ತಟ್ಟೆ ತೊಳೆಯುತ್ತಿದ್ದೆ. ಮತ್ತೆ ಮತ್ತೆ ಅದೇ ತಟ್ಟೆ ತೊಳೆದೆ.

ಏನು ಮಾಡಲಿ?

ಗುಬ್ಬಿ

*

ಸೆಪ್ಟೆಂಬರ್ 8

ಗುಬ್ಬಿ,

ಮೊದಲು ಏಳನೇ ಗೂಡಿನ ಮಾತು. ಈ ಕಾಗದ ಸಿಕ್ಕ ದಿನವೇ ಸರ್ ಹತ್ತಿರ ಹೋಗಿ ಹೇಳು. ಯಾವತ್ತಿನಿಂದ, ದಿನಕ್ಕೆ ಎಷ್ಟು, ಎಲ್ಲ ಹೇಳು. ಮಿಲ್ಲಿಗೆ ಹೊಸಬರು ಬಂದರೆ ಮೊದಲ ದಿನ ನಾನು ಹೇಳುವುದು ಇದೊಂದೇ: ತಪ್ಪು ಬೆರೆಸಿದರೆ ಮೂಟೆ ಹೊಲಿಯುವ ಮುಂಚೆ ಹೇಳಿ, ಆಮೇಲೆ ಹೇಳಿದರೆ ಲಾರಿಯ ಹಿಂದೆ ಓಡಬೇಕಾಗುತ್ತದೆ.

ಇಷ್ಟು ಬರೆದು ಪೆನ್ನು ಮುಚ್ಚಿಟ್ಟೆ. ಬಸ್ಸೊಂದು ಬಂತು, ಹೋಯಿತು. ಮಗಳಿಗೆ ಹೇಳುವ ಬುದ್ಧಿ ನನಗೆ ಯಾಕಿಲ್ಲ ಅನ್ನಿಸಿತು. ನಾನೊಂದು ಮೂಟೆ ಹೊಲಿದಿಟ್ಟು ಹನ್ನೊಂದು ವರ್ಷವಾಯಿತು. ಬಿಚ್ಚುತ್ತೇನೆ.

ನಿನಗೆ ನಾಲ್ಕು ತುಂಬಿದಾಗ ನಿಮ್ಮಪ್ಪ ತೀರಿಹೋದರು. ಮಿಲ್ಲಿನವರು ಅವರ ಕೆಲಸ ನನಗೆ ಕೊಟ್ಟರು, ಮಿಲ್ಲಿನ ಹಿಂದಿನ ಕ್ವಾರ್ಟರ್ಸ್‌ನಲ್ಲೇ ಇರಲು ಬಿಟ್ಟರು. ಅದರ ಕಿಟಕಿ ಮಿಕ್ಸರಿನ ಕಡೆಗೇ ಇದೆ. ನಿನಗೆ ಆರು ವರ್ಷ ಆಗುವಾಗ ಎದೆಯಲ್ಲಿ ಚೀಂವ್ ಚೀಂವ್ ಅಂತ ಶಬ್ದ ಶುರುವಾಯಿತು. “ಅಮ್ಮಾ, ಒಳಗೆ ಯಾರು?” ಅಂತ ಕೇಳಿದೆ. “ಗುಬ್ಬಿ ಗೂಡು ಕಟ್ಟಿದೆ ಕಣೇ” ಅಂದೆ. ನೀನು ನಕ್ಕೆ. ನಕ್ಕರೆ ಇನ್ನೂ ಉಸಿರು ಕಟ್ಟುತ್ತಿತ್ತು. ಅವತ್ತಿನಿಂದ ನೀನು ಗುಬ್ಬಿ.

ಡಾಕ್ಟರಮ್ಮ ನನ್ನ ತೋಳು ಮುಟ್ಟಿ ಬೆರಳು ನೋಡಿಕೊಂಡರು. “ಮಗು ಈ ಧೂಳಿನಲ್ಲಿ ಇರಬಾರದು. ನಿಮ್ಮ ಬಟ್ಟೆಯಲ್ಲಿದೆ, ಕೂದಲಲ್ಲಿದೆ. ಎತ್ತಿಕೊಂಡ್ರೆ ಸಾಕು, ಅದಕ್ಕೆ ತಗಲುತ್ತೆ” ಅಂದರು. ಕೆಲಸ ಬಿಟ್ಟರೆ ಮನೆ ಇಲ್ಲ, ಅನ್ನ ಇಲ್ಲ. ಬಿಡದಿದ್ದರೆ ನಿನ್ನ ಉಸಿರಿಲ್ಲ.

ಹಾಸ್ಟೆಲಿಗೆ ಮೊದಲನೇ ಕಾಗದ ಮಿಕ್ಸರಿನ ಪಕ್ಕದ ಮೇಜಿನ ಮೇಲೆಯೇ ಬರೆದೆ, ಕೆಲಸದ ಮಧ್ಯೆ. ಹತ್ತು ದಿನಕ್ಕೆ ವಾರ್ಡನ್ ಬರೆದರು. ಮಗು ನಿಮ್ಮ ಕಾಗದವನ್ನು ಮೂಗಿಗೆ ಒತ್ತಿಕೊಂಡೇ ಮಲಗಿತ್ತು, ಉಸಿರು ಕಟ್ಟಿ ಎರಡು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು, ಮಡಿಕೆಯಲ್ಲಿ ಹಿಟ್ಟಿತ್ತು ಅಂತ. ಅಲ್ಲಿಂದ ಇಲ್ಲಿಯವರೆಗೆ ಸ್ನಾನ ಮಾಡಿ, ಅಂಗಡಿಯಿಂದ ಹೊಸ ಕಾಗದ ತಂದು, ಬಸ್ ಸ್ಟಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತೇನೆ. ಬಿಸ್ಕತ್ತಿನ ಸೀಲ್ ಒಡೆಯದೆ ಕಳಿಸುತ್ತಿದ್ದದ್ದೂ ಅದಕ್ಕೇ. ನನ್ನ ಕೈಯಲ್ಲಿ ಮಾಡಿದ್ದನ್ನು ಕಳಿಸಲು ಧೈರ್ಯ ಬರಲಿಲ್ಲ.

ನನ್ನ ಮೈವಾಸನೆಯೇ ನಿನಗಾಗುವುದಿಲ್ಲ ಅಂತ ಅಷ್ಟು ಚಿಕ್ಕ ಕೂಸಿಗೆ ಹೇಗೆ ಹೇಳಲಿ? ಜಾಗ ಇಲ್ಲ ಅಂದೆ. ಆಮೇಲೆ ನೀನು ದೊಡ್ಡವಳಾದೆ, ನನಗೆ ಸುಳ್ಳೇ ರೂಢಿಯಾಯಿತು.

ಲೋಟ ಒಡೆದದ್ದು ನೀನಲ್ಲ. ಬೆಕ್ಕು.

ಅಮ್ಮ

*

ಸೆಪ್ಟೆಂಬರ್ 17

ಅಮ್ಮಾ,

ನಿನ್ನ ಕಾಗದ ಎಷ್ಟು ಸಲ ಓದಿದೆನೋ. ಬಸ್ ಸ್ಟಾಂಡಿನ ಬೆಂಚಿನ ಮೇಲೆ ಕೂತ ನೀನು ಕಣ್ಣಿಂದ ಹೋಗುತ್ತಿಲ್ಲ. ಹನ್ನೊಂದು ವರ್ಷ ನಾನು ಸೋಪಿನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಆಸ್ಪತ್ರೆಯ ಆ ಎರಡು ದಿನ ಮಸುಕಾಗಿ ನೆನಪಿದೆ, ಜ್ವರ ಅಂತಲೇ ನಂಬಿದ್ದೆ.

ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ನೀನು ಹೇಳಿದ ಕೆಲಸ. ಸರ್ ಹತ್ತಿರ ಹೋದೆ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎದುರಿಗೆ ನಿಂತಾಗ ಒಂದು ಶಬ್ದವೂ ಬರಲಿಲ್ಲ. “ಸರ್, ಏಳನೇ ಗೂಡಿಗೆ ನಾನು ಕೈಯಾರೆ ಹಾಕಿದೆ” ಅಂದೆ. ಅವರು ಟ್ರಯಲ್ ಪುಸ್ತಕ ತೆರೆದು ಏಳರ ಸಾಲಿಗೆ ಬೆರಳಿಟ್ಟರು.

“ಯಾಕಮ್ಮಾ?”

“ಪಾಪ ಅನ್ನಿಸ್ತು ಸರ್.”

“ಈ ಪುಸ್ತಕದಲ್ಲಿ ಪಾಪಕ್ಕೆ ಕಾಲಂ ಇಲ್ವಲ್ಲ” ಅಂದರು. ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ. ಅವರು ಏಳರ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ಹೆಚ್ಚುವರಿ ಆಹಾರ, ಕೈಬಿಟ್ಟಿದೆ’ ಅಂತ ಬರೆದರು. “ನೀನು ಹೇಳದೇ ಇದ್ದಿದ್ರೆ ಈ ಒಂದು ಗೂಡಿನಿಂದ ನಾನು ಇಡೀ ಲೆಕ್ಕಾನೇ ಅನುಮಾನಿಸ್ತಿದ್ದೆ. ಹದಿನೈದು ಉಳಿದಿವೆ. ಹದಿನೈದರ ಹಿಕ್ಕೆಯನ್ನೂ ನೀನೊಬ್ಬಳೇ ಅರೀಬೇಕು, ಗೊತ್ತಾಯ್ತಾ?” ತೆಗೆದುಹಾಕಲಿಲ್ಲ ಅಮ್ಮಾ! ಶೆಡ್ಡಿನ ಅಜ್ಜಿಗೆ ಸುದ್ದಿ ತಲುಪಿ, ಈಗ ನನ್ನನ್ನು ‘ಅನ್ನಪೂರ್ಣೆ’ ಅಂತ ಕರೆಯುತ್ತಾಳೆ. ಆ ಸಣ್ಣ ಮರಿ ಈಗ ಅಷ್ಟೇನೂ ಸಣ್ಣದಲ್ಲ.

ಪುಡಿ ಬೀಗ ತೆಗೆಯುವುದು ನಿಜ. ಉಳಿದ ಹದಿನೈದು ಗೂಡಿನ ಮೊದಲ ಲೆಕ್ಕ ಅದನ್ನೇ ಹೇಳುತ್ತಿದೆ. ಬಾಯ್ಲರ್ ಮಾವನಿಗೆ ಹೇಳು.

ಈಗ ನನ್ನ ಮಾತು. ಫೀಡ್ ಕೋಣೆಗೆ ಹೋಗುವವರೆಲ್ಲ ಕಾಲೇಜಿನ ಆಸ್ಪತ್ರೆಯಲ್ಲಿ ಒಂದು ಕೊಳವೆ ಊದಬೇಕು, ಉಸಿರಿಗೆ ಎಷ್ಟು ಬಲ ಇದೆ ಅಂತ ನೋಡಲು. ಸೇರುವಾಗ ಒಂದು ಸಲ ಊದಿದ್ದೆ. ನಿನ್ನ ಕಾಗದ ಬಂದ ಮರುದಿನ ನಾನಾಗಿಯೇ ಹೋಗಿ, ನೀನು ಬರೆದದ್ದನ್ನೆಲ್ಲ ಡಾಕ್ಟರಿಗೆ ಹೇಳಿ, ಮತ್ತೆ ಊದಿದೆ. ಮೂರು ಸಲ ಊದಿಸಿದರು. ಬೆನ್ನಿಗೆ ಸ್ಟೆತೊಸ್ಕೋಪ್ ಹಚ್ಚಿ ಕೇಳಿದರು. “ಎರಡು ತಿಂಗಳು ಆ ಕೋಣೆಯಲ್ಲಿ ಇದ್ದೀಯ. ಏನೂ ಇಲ್ಲ. ಚಿಕ್ಕಂದಿನಲ್ಲಿ ಇದ್ದದ್ದು ಕೆಲವರಿಗೆ ಬೆಳೀತಾ ಬೆಳೀತಾ ಹೋಗುತ್ತೆ. ಮನೆಗೆ ಹೋಗು, ಮಿಲ್ಲಿನೊಳಗೆ ಕಾಲಿಟ್ಟರೆ ಮಾಸ್ಕ್ ಹಾಕು, ಈ ಔಷಧಿ ಜೇಬಲ್ಲಿರಲಿ. ನಿಮ್ಮಮ್ಮನಿಗೂ ಮಾಸ್ಕ್ ಹಾಕೋಕೆ ಹೇಳು” ಅಂದರು.

ಮನೆಗೆ ಹೋಗು ಅಂದರು, ಅಮ್ಮಾ. ಅವರು ಹೇಳಿದರೆ ಸಾಲದು, ನೀನು ಹೇಳಬೇಕು. ರಜೆ ಇಪ್ಪತ್ತೇಳಕ್ಕೆ ಶುರು.

ಗುಬ್ಬಿ

*

ಸೆಪ್ಟೆಂಬರ್ 22

ಗುಬ್ಬಿ,

ಈ ಕಾಗದವನ್ನು ಒಳಗೆ ಬಿಚ್ಚಬೇಡ. ಬಿಚ್ಚಿದ್ದರೆ ಹೊರಗೆ ಹೋಗಿ ನಿಂತು ಓದು. ಬೆಳಕಿರುವಾಗ, ಜೊತೆಗೆ ಯಾರನ್ನಾದರೂ ಇಟ್ಟುಕೊಂಡು. ಔಷಧಿ ಕೈಯಲ್ಲಿರಲಿ.

ಇದನ್ನು ಮಿಕ್ಸರಿನ ಪಕ್ಕದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಸ್ನಾನ ಮಾಡಿಲ್ಲ. ಕೈ ಕೂಡ ತೊಳೆದಿಲ್ಲ. ಎಂಜೈಮ್ ಪುಡಿಯ ಡಬ್ಬ ಮುಚ್ಚಿ ದೂರ ಇಟ್ಟಿದ್ದೇನೆ, ಇದು ಬರೀ ಕಾಳಿನ ಹಿಟ್ಟು. ಬೆಳಿಗ್ಗೆಯಿಂದ ಮೂರು ಟನ್ ಬೆರೆಸಿ ಆಯಿತು. ಯಾವ ಪುಡಿಯಾದರೂ ಚಿಟಿಕೆಯನ್ನು ಹಿಡಿಗೆ, ಹಿಡಿಯನ್ನು ಬುಟ್ಟಿಗೆ, ಬುಟ್ಟಿಯನ್ನು ಮೂಟೆಗೆ ಬೆರೆಸುತ್ತಾ ಹೋಗುವುದು. ಒಂದೇ ಸಲ ಸುರಿದರೆ ಒಂದೇ ಕಡೆ ನಿಲ್ಲುತ್ತದೆ. ನಿನ್ನನ್ನೂ ಹಾಗೇ ಕರೆಸಿಕೊಳ್ಳಬೇಕು ಅಂತ ನನ್ನ ಆಸೆ. ಮೊದಲು ಒಂದು ಕಾಗದ.

ಬಾಯ್ಲರ್ ಮಾವ ನೋಡಿ, “ಏನಕ್ಕಾ, ಇಲ್ಲೇ ಬರೀತಿದ್ದೀರಾ? ಬಸ್ ಸ್ಟಾಂಡ್ ಯಾರಾದ್ರೂ ಹೊತ್ಕೊಂಡು ಹೋದ್ರಾ?” ಅಂದರು. ಮಗಳು ಬರಬಹುದು ಅಂದೆ. ಹಬೆ ಇಳಿಸು ಅಂತ ನೀನು ಬರೆದದ್ದನ್ನು ಹೇಳಿದಾಗ “ನಾನೇನು ಕೋಳಿಗೆ ಟೀ ಕಾಸ್ತಿದ್ದೀನಾ” ಅಂತ ಸಿಟ್ಟು ಮಾಡಿಕೊಂಡಿದ್ದರು. ಇವತ್ತು ತಾವಾಗಿಯೇ ಹೋಗಿ ತಿರುಗಿಸಿ ಬಂದರು. ನಾನು ಮಾಸ್ಕ್ ಹಾಕಿದ್ದೇನೆ. ಕೆಮ್ಮು ಕಡಿಮೆ.

ಕಾಗದ ಹತ್ತಿರವೇ ಇಟ್ಟುಕೊಂಡು ಸಂಜೆಯವರೆಗೂ ನೋಡು. ಗುಬ್ಬಿ ಕೂಗಿದರೆ ಚಿಕ್ಕಮ್ಮನ ಮನೆ. ಕೂಗದಿದ್ದರೆ ಮಾರನೇ ದಿನದ ಮೊದಲ ಬಸ್ಸು.

ನಿನ್ನ ಹಾಸಿಗೆ ಮಂಚದ ಕೆಳಗೆ ಸುತ್ತಿಟ್ಟದ್ದು ಹಾಗೇ ಇದೆ. ನಿನ್ನೆ ಬಿಚ್ಚಿ ನೋಡಿದೆ. ನಿನ್ನ ಮೊಣಕಾಲಿಗೂ ಬರುವುದಿಲ್ಲ.

ಅಮ್ಮ

*

ಸೆಪ್ಟೆಂಬರ್ 26

ಅಮ್ಮಾ,

ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಬಿಚ್ಚಿದೆ, ಬೆಳಿಗ್ಗೆ ಹನ್ನೊಂದಕ್ಕೆ. ಶೆಡ್ಡಿನ ಅಜ್ಜಿ ಪಕ್ಕದಲ್ಲಿ ಕಾವಲು. “ಬಾಂಬ್ ಇದ್ಯೇನಮ್ಮಾ ಅದರಲ್ಲಿ?” ಅಂತ ಕೇಳಿ ಎರಡು ಮೆಟ್ಟಿಲು ಕೆಳಗೆ ಕೂತಳು.

ಮಡಿಕೆಯಲ್ಲಿ ಹಳದಿ ಹಿಟ್ಟು ಒಂದು ಗೆರೆಯಷ್ಟು ಇತ್ತು. ಬಿಚ್ಚಿದಾಗ ಸ್ವಲ್ಪ ನನ್ನ ಮಡಿಲಿಗೆ ಬಿತ್ತು. ಮೂಗಿಗೆ ಹಿಡಿದೆ. ಮೊದಲು ಮೆಲ್ಲಗೆ. ಆಮೇಲೆ ಅಷ್ಟು ಮೆಲ್ಲಗಲ್ಲ. ಸೋಪು ಇರಲಿಲ್ಲ, ಅಮ್ಮಾ. ಎಲ್ಲೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿದ ಹಾಗಾಯಿತು. ಕೈ ಜೇಬಿಗೆ ಹೋಯಿತು. ಅಜ್ಜಿ ಎದ್ದೇಬಿಟ್ಟಳು. ನೋಡಿದರೆ ಅದು ಅಳು. ಅಳುವಾಗ ಮೂಗು ಕಟ್ಟುತ್ತದಲ್ಲ, ಅಷ್ಟೇ. ಅತ್ತು ಮುಗಿಸಿದ ಮೇಲೆ ಸರಿಯಾಯಿತು.

ಒಂದು ಗಂಟೆಗೆ ಊಟ ಮಾಡಿದೆ. ಎರಡು ಗಂಟೆಗೆ ಕೂತು ಕೊನೆಯ ಎರಡು ಗೂಡಿನ ಹಿಕ್ಕೆ ಅರೆದು ಮುಗಿಸಿದೆ. ನಾಲ್ಕಕ್ಕೆ ಆಸ್ಪತ್ರೆಗೆ ಹೋಗಿ ಊದಿದೆ. ಕೊಳವೆಯ ಮುಳ್ಳು ಹೋದ ಸಲ ನಿಂತಲ್ಲೇ ನಿಂತಿತು. ಈಗ ಆರು ಗಂಟೆ. ಎದೆಯ ಮೇಲೆ ಕೈಯಿಟ್ಟು ಕೇಳಿದೆ. ಯಾರೂ ಕೂಗುತ್ತಿಲ್ಲ.

ಈ ಕಾಗದವನ್ನು ನಾಳೆ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಪೆಟ್ಟಿಗೆಗೆ ಹಾಕುತ್ತೇನೆ. ಅದಕ್ಕಿಂತ ನಾನೇ ಮುಂಚೆ ತಲುಪುತ್ತೇನೆ. ಅಂಚೆಯವರು ಬಂದರು ಅಂತ ನೀನು ಮಿಕ್ಸರ್ ಬಿಟ್ಟು ಓಡಿ ಬರಬೇಡ. ಬಾಗಿಲಲ್ಲಿ ನಾನೇ ಇರುತ್ತೇನೆ, ನಾನೇ ಇಸಿದುಕೊಳ್ಳುತ್ತೇನೆ.

ಬಸ್ಸು ಬರುವುದು ನಿನ್ನ ಪಾಳಿ ಮುಗಿಯುವ ಹೊತ್ತಿಗೆ. ಕೆಲಸದ ಬಟ್ಟೆಯಲ್ಲೇ ಬಾ. ನನ್ನನ್ನು ನೋಡುವ ಮುಂಚೆ ಸ್ನಾನ ಮಾಡಬೇಡ.

ನಿನ್ನ,
ಗುಬ್ಬಿ